ಮುಚ್ಚಿತೋ, ತೆರೆಯಿತೋ? ಭದ್ರಾವತಿಯ ಕಬ್ಬಿಣದ ಗೊಂದಲ ಮತ್ತು ಅದರ ಹಿಂದಿನ ಹಳಿಗಳು

ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಬಗ್ಗೆ ಈ ಹತ್ತು ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಸುದ್ದಿ ಇನ್ನೊಂದನ್ನು ಸುಳ್ಳು ಮಾಡುವಂತೆ ಕಾಣುತ್ತದೆ. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಆರು ವರ್ಷ ಕಳೆದ ಮೇಲೆ, 2022ರ ಅಕ್ಟೋಬರಿನಲ್ಲಿ, ಮುಂದುವರಿಯಲು ಕೊಳ್ಳುವವರಿಗೆ ಆಸಕ್ತಿಯಿಲ್ಲವೆಂದು ಆ ಪ್ರಕ್ರಿಯೆಯನ್ನೇ ಕೈಬಿಟ್ಟಿತು. 2023ರ ಜನವರಿಯಲ್ಲಿ ಕಾರ್ಖಾನೆಯ ಒಡೆತನ ಹೊಂದಿರುವ ಭಾರತೀಯ ಉಕ್ಕು ಪ್ರಾಧಿಕಾರ, ಅಂದರೆ ‘ಸೇಲ್’, ಅದನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ‘ಕಾರ್ಖಾನೆ ಮತ್ತೆ ಆರಂಭ’ ಎಂಬ ಸುದ್ದಿ ಬಂತು. 2024ರ ಜೂನಿನಲ್ಲಿ ಉಕ್ಕು ಖಾತೆ ವಹಿಸಿಕೊಂಡ ಎಚ್.ಡಿ. ಕುಮಾರಸ್ವಾಮಿ ಆ ತಿಂಗಳು ಮುಗಿಯುವುದರೊಳಗೆ ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು.

ಮಾರಾಟಕ್ಕಿಟ್ಟದ್ದು, ಮಾರಾಟವಾಗದ್ದು, ಮುಚ್ಚಿದ್ದು, ತೆರೆದದ್ದು, ಈಗ ಪುನಶ್ಚೇತನಗೊಳ್ಳಲಿರುವುದು, ಇವೆಲ್ಲವೂ ಒಂದೇ ಕಾರ್ಖಾನೆಯೇ ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಹೆಸರು ಒಂದೇ, ಆ ಹೆಸರಿನಡಿ ಇರುವ ಸಂಗತಿಗಳು ಬೇರೆ ಬೇರೆ. ಗೊಂದಲದ ಮೂಲ ಅಲ್ಲಿದೆ.

ಕಬ್ಬಿಣ ಮಾಡುವುದು ಬೇರೆ, ಉಕ್ಕು ಉರುಳಿಸುವುದು ಬೇರೆ

ಕಬ್ಬಿಣದ ಕಾರ್ಖಾನೆ ಎಂದಾಗ ಸಾಮಾನ್ಯವಾಗಿ ಕಣ್ಣೆದುರು ಬರುವುದು ಊದುಕುಲುಮೆ, ಅಂದರೆ ಬ್ಲಾಸ್ಟ್ ಫರ್ನೇಸ್. ಮೇಲಿನಿಂದ ಅದಿರು, ಇಂಧನ ಮತ್ತು ಸುಣ್ಣದ ಕಲ್ಲನ್ನು ಸುರಿದು ಕೆಳಗಿನಿಂದ ಬಿಸಿಗಾಳಿಯನ್ನು ಊದಿದಾಗ ಬುಡದಲ್ಲಿ ಕರಗಿದ ಬೀಡುಕಬ್ಬಿಣ ಸಿಗುತ್ತದೆ. ಅದರಲ್ಲಿರುವ ಹೆಚ್ಚುವರಿ ಇಂಗಾಲವನ್ನು ಸುಟ್ಟು ತೆಗೆದು, ಬೇಕಾದ ಇತರ ಲೋಹಗಳನ್ನು ಬೆರೆಸಿದರೆ ಉಕ್ಕಾಗುತ್ತದೆ. ಆ ಉಕ್ಕಿನ ದಪ್ಪ ತೊಲೆಗಳನ್ನು ಕೆಂಪಗೆ ಕಾಯಿಸಿ, ಎದುರುಬದುರು ತಿರುಗುವ ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿ ಸರಳು ಮಾಡುವುದು ಮೂರನೆಯ ಹಂತ. ರೋಲಿಂಗ್ ಮಿಲ್ ಮಾಡುವ ಕೆಲಸ ಇಷ್ಟೇ.

2023ರ ಆಗಸ್ಟಿನಲ್ಲಿ ಭದ್ರಾವತಿಯಲ್ಲಿ ಮತ್ತೆ ಆರಂಭವಾದದ್ದು ಈ ಮೂರನೆಯ ಹಂತ ಮಾತ್ರ. ಸೇಲ್‌ನ ಬೇರೆ ಕಾರ್ಖಾನೆಗಳಲ್ಲಿ ತಯಾರಾದ ‘ಬ್ಲೂಮ್’ ಎಂಬ ಉಕ್ಕಿನ ತೊಲೆಗಳು ಇಲ್ಲಿಗೆ ಬರುತ್ತವೆ, ಕುಲುಮೆಯಲ್ಲಿ ಮತ್ತೆ ಕಾದು, ಉರುಳೆಗಳಡಿ ಸರಳಾಗಿ ಹೊರಗೆ ಹೋಗುತ್ತವೆ. ಅದಿರನ್ನು ಕರಗಿಸುವ ಊದುಕುಲುಮೆ ಅದಕ್ಕೂ ಹಲವು ವರ್ಷ ಮೊದಲೇ ತಣ್ಣಗಾಗಿತ್ತು. ಹಾಗಾಗಿ ‘ಕಾರ್ಖಾನೆ ತೆರೆಯಿತು’ ಎಂಬ ಮಾತೂ ನಿಜ, ‘ಭದ್ರಾವತಿಯಲ್ಲಿ ಕಬ್ಬಿಣ ತಯಾರಾಗುತ್ತಿಲ್ಲ’ ಎಂಬ ಮಾತೂ ನಿಜ. ಗುತ್ತಿಗೆ ಕಾರ್ಮಿಕರಿಗೆ ತಿಂಗಳಲ್ಲಿ ಒಂದಷ್ಟು ದಿನ ಕೆಲಸ ಸಿಗಬೇಕಾದರೆ ಉರುಳೆಗಳು ತಿರುಗಿದರೆ ಸಾಕು. ಆದರೆ ಕಾರ್ಖಾನೆ ಸ್ವಂತ ಕಾಲಿನ ಮೇಲೆ ನಿಲ್ಲಬೇಕಾದರೆ ಅಷ್ಟು ಸಾಲದು. ಬೇರೆಡೆಯಿಂದ ತೊಲೆ ತರಿಸಿ ಉರುಳಿಸುವ ಗಿರಣಿ ತೊಲೆ ಕಳಿಸುವವರ ಮರ್ಜಿಯಲ್ಲಿರುತ್ತದೆ. ಕಳಿಸುವವರೇ ಸರಳು ಮಾಡಿಕೊಳ್ಳಲು ಹೊರಟ ದಿನ ಅದಕ್ಕೆ ಕೆಲಸವಿಲ್ಲ.

ಹಾಗಾದರೆ ಪುನಶ್ಚೇತನ ಎಂದರೆ ಯಾವ ಹಂತದ ಪುನಶ್ಚೇತನ? ಇದಕ್ಕೆ ಉತ್ತರ ಹುಡುಕಬೇಕಾದರೆ ಈ ಕಾರ್ಖಾನೆ ಮೊದಲಿಗೆ ಇಲ್ಲಿಗೆ ಏಕೆ ಬಂತು ಎಂಬುದನ್ನು ನೋಡಬೇಕು.

ಹಳಿ ಮೊದಲು ಬಂತು

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆಯ ಊರಿಗೆ ಬೆಂಕಿಯ ಹೆಸರು ಎಂದು ಕಥೆ ಕಟ್ಟುವುದು ಸುಲಭ; ಆದರೆ ಹೆಸರು ಕಾರ್ಖಾನೆಗಿಂತ ಬಹಳ ಹಳೆಯದು. ಈ ಭಾಗದಲ್ಲಿ ಕಬ್ಬಿಣದ ಕಸುಬೂ ಕಾರ್ಖಾನೆಗಿಂತ ಹಳೆಯದೇ. ಹಿರೇಕೆರೂರು ಸೀಮೆಯ ಹಳ್ಳೂರಿನಲ್ಲಿ ಉತ್ಖನನದಿಂದ ಸಿಕ್ಕ ಕಬ್ಬಿಣ ಕ್ರಿಸ್ತಪೂರ್ವ 1000ದ ಆಸುಪಾಸಿನದು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಯ ಕುಲುಮೆಗಳಲ್ಲಿ ಕಬ್ಬಿಣವನ್ನೂ ಉಕ್ಕನ್ನೂ ತೆಗೆಯುವ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದರೂ ಈ ಹಳೆಯ ಕಸುಬಿಗೂ ಭದ್ರಾವತಿಯ ಕಾರ್ಖಾನೆಗೂ ನೇರ ಸಂಬಂಧವಿಲ್ಲ. ಕಾರ್ಖಾನೆಗೆ ನೆಲೆ ಒದಗಿಸಿದ ಸಂಗತಿಗಳಲ್ಲಿ ಮೊದಲು ಬಂದದ್ದು ರೈಲು.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಹಳಿ ಬಂದದ್ದು 1899ರಲ್ಲಿ. ಆಗ ಕಬ್ಬಿಣದ ಯೋಚನೆಯೇ ಇರಲಿಲ್ಲ. ಮಲೆನಾಡಿನ ಮರ, ಅಡಿಕೆ, ಭತ್ತ ಬಯಲುಸೀಮೆಗೆ ಇಳಿಯಬೇಕಿತ್ತು. ಅದಾದ ಮೇಲೆ ಮೈಸೂರು ಸರ್ಕಾರ ತರೀಕೆರೆಯಿಂದ ನರಸಿಂಹರಾಜಪುರದತ್ತ ಕಾಡಿನೊಳಗೆ ಎರಡಡಿ ಅಗಲದ ಕಿರಿದಾದ ಹಳಿಯನ್ನು ಹಾಕಿಸಿತು. ಹೀಗೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಭದ್ರಾ ನದಿಯ ದಂಡೆಯ ಒಂದು ಸಣ್ಣ ಊರಿನ ಸುತ್ತ ನಾಲ್ಕು ಸಂಗತಿಗಳು ಕೂಡಿಬಂದಿದ್ದವು: ದಟ್ಟ ಕಾಡು, ಬಾಬಾಬುಡನ್ ಶ್ರೇಣಿಯ ಅದಿರು, ವರ್ಷವಿಡೀ ಹರಿಯುವ ನೀರು, ಮಾಲನ್ನು ಬೆಂಗಳೂರಿಗೂ ಬಂದರಿಗೂ ಒಯ್ಯಬಲ್ಲ ರೈಲು. ಇಲ್ಲದಿದ್ದುದು ಕಲ್ಲಿದ್ದಲು ಒಂದೇ. ಮೈಸೂರು ಸಂಸ್ಥಾನದಲ್ಲಿ ಎಲ್ಲಿ ಅಗೆದರೂ ಅದು ಸಿಗುತ್ತಿರಲಿಲ್ಲ.

ಇದ್ದಿಲಿನ ಲೆಕ್ಕ

ಕಲ್ಲಿದ್ದಲು ಇಲ್ಲದ ಕಡೆ ಕಬ್ಬಿಣ ಮಾಡಲು ಹಳೆಯ ಉತ್ತರ ಇದ್ದಿಲು. ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ, ಮಂಜೂರಾದ ಯೋಜನೆಯ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಮರ ಬರುತ್ತದೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಡಿದ ಸೌದೆಯನ್ನು ಸಣ್ಣ ಹಳಿಯ ಮೇಲಿನ ತಳ್ಳುಗಾಡಿಗಳಲ್ಲಿ ತುಂಬಿ, ಗಾಡಿ ಸಮೇತ ಉದ್ದನೆಯ ಕಬ್ಬಿಣದ ಕೋಣೆಯೊಳಕ್ಕೆ ತಳ್ಳಿ, ಬಾಗಿಲು ಬಿಗಿದು, ಗಾಳಿಯಾಡದಂತೆ ಹೊರಗಿನಿಂದ ಕಾಯಿಸುತ್ತಿದ್ದರು. ಮರ ಉರಿಯದೆ ಬೇಯುತ್ತಿತ್ತು. ಹೊರಬರುವ ಆವಿಯನ್ನು ತಣಿಸಿ ಮರದ ಮದ್ಯಸಾರ, ಅಸಿಟೇಟ್ ಸುಣ್ಣ, ಟಾರು ತೆಗೆಯುತ್ತಿದ್ದರು. ಒಳಗೆ ಉಳಿದ ಇದ್ದಿಲು ಊದುಕುಲುಮೆಗೆ ಹೋಗುತ್ತಿತ್ತು. ಹಳ್ಳಿಯ ಇದ್ದಿಲು ಗೂಡಿನಲ್ಲಿ ಹೊಗೆಯಾಗಿ ಹೋಗುವುದನ್ನು ಇಲ್ಲಿ ಹಿಡಿದು ಮಾರಿ, ಕಬ್ಬಿಣದ ಖರ್ಚನ್ನು ಇಳಿಸುವುದು ಉಪಾಯವಾಗಿತ್ತು. ಸಲಹೆಗೆ ಬಂದವರು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ದುಡಿದಿದ್ದ ಅಮೆರಿಕದ ಸಿ.ಪಿ. ಪೆರಿನ್.

ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಸಮುದ್ರಮಟ್ಟದಿಂದ 1,400 ಮೀಟರಿಗಿಂತ ಎತ್ತರದ ಆ ಗುಡ್ಡದಿಂದ ತಗ್ಗಿಗೆ ರೋಪ್‌ವೇ. ತೂಗುಬುಟ್ಟಿಗಳು ಕಾಡಿನ ನೆತ್ತಿಯ ಮೇಲೆ ಸಾಲಾಗಿ ಇಳಿದು ತಣಿಗೆಬೈಲಿನಲ್ಲಿ ಅದಿರು ಸುರಿಯುತ್ತಿದ್ದವು. ಅಲ್ಲಿಂದ ಭದ್ರಾವತಿಗೆ ಕಿರುಹಳಿಯ ಗಾಡಿ. ಈ ಏರ್ಪಾಟನ್ನು ಇಂದು ಪ್ರವಾಸಿ ಕುತೂಹಲವಾಗಿ ನೋಡಲಾಗುತ್ತದೆ. ಕಾರ್ಖಾನೆಯ ಆರ್ಥಿಕತೆ ನಿಂತದ್ದೇ ಅದರ ಮೇಲೆ: ಭಾರವಾದ ಸರಕು ಇಳಿಜಾರಿನಲ್ಲಿ ಇಳಿದು ಬರುತ್ತಿತ್ತು, ಇಂಧನ ಪಕ್ಕದ ಕಾಡಿನಲ್ಲಿತ್ತು.

ಆದರೆ ಇದ್ದಿಲು ಎರಡು ಮಿತಿಗಳನ್ನು ಜೊತೆಗೇ ತಂದಿತು. ಮೊದಲನೆಯದು ಕಾಡಿನದು. ಒಂದು ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ಮೂರು ನಾಲ್ಕು ಟನ್ ಒಣಸೌದೆ. ದಿನಕ್ಕೆ 60 ಟನ್ ಕಬ್ಬಿಣ ಎಂದರೆ 200 ಟನ್ನಿನಷ್ಟು ಸೌದೆ, ಅದೂ ಪ್ರತಿದಿನ. ಕಡಿದ ಕಾಡು ಮತ್ತೆ ಬೆಳೆಯುವುದಕ್ಕೆ ದಶಕಗಳು ಬೇಕಾಗುವುದರಿಂದ ವರ್ಷ ಕಳೆದಂತೆ ಸೌದೆಯ ದಾರಿ ದೂರವಾಗುತ್ತಲೇ ಹೋಗುತ್ತದೆ.

ಎರಡನೆಯ ಮಿತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಇದ್ದಿಲು ಮೆದು. ಎತ್ತರದ ಕುಲುಮೆಯಲ್ಲಿ ಮೇಲಿನ ಅದಿರಿನ ಭಾರಕ್ಕೆ ಅದು ಪುಡಿಯಾಗಿ, ಗಾಳಿ ಮೇಲೇರುವ ದಾರಿಯನ್ನು ಕಟ್ಟಿಬಿಡುತ್ತದೆ. ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಮಾಡುವ ಗಟ್ಟಿಯಾದ ಕೋಕ್ ಬಳಸುವ ಕುಲುಮೆ ಬಹಳ ಎತ್ತರಕ್ಕೆ ಬೆಳೆಯಬಹುದು. ಇದ್ದಿಲಿನ ಕುಲುಮೆ ಚಿಕ್ಕದಾಗಿಯೇ ಇರಬೇಕು. ಭದ್ರಾವತಿ ‘ಸಣ್ಣ ಕಾರ್ಖಾನೆ’ ಎಂದು ಇಂದು ದೂರುವವರು ಈ ಸಣ್ಣತನ ಹುಟ್ಟಿನಿಂದಲೇ ಬಂದದ್ದು ಎಂಬುದನ್ನು ಗಮನಿಸಬೇಕು. ಇದಕ್ಕೆ ಪ್ರತಿಯಾಗಿ ಇದ್ದಿಲು ಕೊಟ್ಟದ್ದು ಗುಣಮಟ್ಟ. ಅದರಲ್ಲಿ ಗಂಧಕ ತೀರಾ ಕಡಿಮೆ ಇರುವುದರಿಂದ ಕಬ್ಬಿಣ ಶುದ್ಧವಾಗಿರುತ್ತಿತ್ತು. ಅಮೆರಿಕ ಮತ್ತು ಜಪಾನಿಗೂ ಹೋಯಿತು. ಪ್ರಮಾಣದಲ್ಲಿ ಸೋತು ಗುಣದಲ್ಲಿ ಗೆಲ್ಲುವ ಭದ್ರಾವತಿಯ ಜಾಡು ಅಲ್ಲಿಂದಲೇ ಬಂದದ್ದು.

ಮೊದಲ ನಷ್ಟ, ಮೊದಲ ‘ಮುಚ್ಚಿ’ ಎಂಬ ಮಾತು

1923ರ ಜನವರಿಯಲ್ಲಿ ಕುಲುಮೆ ಕಬ್ಬಿಣ ಕೊಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಾರ್ಖಾನೆ ಆರಂಭವಾಯಿತು ಎಂದು ಹಲವೆಡೆ ಬರೆಯಲಾಗುತ್ತದೆ. ಅದು ಪೂರ್ತಿ ಸರಿಯಲ್ಲ. ಅವರು ದಿವಾನಗಿರಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಯೋಜನೆ ಹಾಕಿದ್ದು ಮೊದಲ ಮಹಾಯುದ್ಧದ ಕಾಲದ ಏರಿದ ಬೆಲೆಯನ್ನು ನೋಡಿ. ಕಬ್ಬಿಣ ಹೊರಬಂದದ್ದು ಯುದ್ಧ ಮುಗಿದು ಬೆಲೆ ಕುಸಿದ ಮೇಲೆ. ನಷ್ಟ ಕಣ್ಣಿಗೆ ಹೊಡೆಯುವಂತಿದ್ದಾಗ ಅವರನ್ನೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತರಲಾಯಿತು. 1923ರಿಂದ 1929ರವರೆಗೆ ಅವರು ಮಾಡಿದ್ದು ಹೊಸದನ್ನು ಕಟ್ಟುವುದಕ್ಕಿಂತ ಹೆಚ್ಚಾಗಿ ಖರ್ಚು ಇಳಿಸುವ ಕೆಲಸ, ಅದರ ಜೊತೆಗೆ ದುಬಾರಿ ವಿದೇಶಿ ತಜ್ಞರ ಜಾಗಕ್ಕೆ ಸ್ಥಳೀಯರನ್ನು ತರಬೇತು ಮಾಡಿ ತರುವ ಕೆಲಸ. 1936ರಲ್ಲಿ ಉಕ್ಕು ತಯಾರಿಕೆ ಸೇರಿತು, ಹಿಂದೆಯೇ ಸಿಮೆಂಟ್ ಬಂತು. ಅದೇ ಊರಿನಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಹುಟ್ಟಿತು.

ಬಳಿಕ ಕಾಡು ಸಾಲದಾದಾಗ ಕಾರ್ಖಾನೆ ಇಂಧನವನ್ನೇ ಬದಲಿಸಿತು. ಜೋಗದ ವಿದ್ಯುತ್ ಬಂದಿದ್ದ ಕಾಲ. 1952ರಲ್ಲಿ ಅದಿರನ್ನು ವಿದ್ಯುತ್ತಿನಿಂದ ಕರಗಿಸುವ ಕುಲುಮೆಗಳು ಇಲ್ಲಿ ನಿಂತವು, ದೇಶದಲ್ಲಿ ಅಂಥವು ಮೊದಲು. ಇಂದಿನ ಚರ್ಚೆಯಲ್ಲಿ ಈ ವರ್ಷವನ್ನು ಯಾರೂ ಎತ್ತುವುದಿಲ್ಲ; ಎತ್ತಬೇಕಾದದ್ದು ಇದನ್ನೇ. ಹಳೆಯ ಆಧಾರ ಕುಸಿದಾಗ ಊರಿಗೆ ಹತ್ತಿರವಿರುವ ಇನ್ನೊಂದು ಆಧಾರವನ್ನು ಹುಡುಕಿಕೊಂಡದ್ದರಿಂದ ಕಾರ್ಖಾನೆ ಉಳಿಯಿತು.

ಉಳಿದದ್ದು ಕಾಗದಪತ್ರದ ಇತಿಹಾಸ. 1962ರಲ್ಲಿ ಅದು ಕೇಂದ್ರ ಮತ್ತು ರಾಜ್ಯದ ಪಾಲುದಾರಿಕೆಯ ಕಂಪನಿಯಾಯಿತು, 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತುಕೊಂಡಿತು, 1989ರಲ್ಲಿ ಸೇಲ್‌ನ ಅಂಗಸಂಸ್ಥೆಯಾಗಿ 1998ರಲ್ಲಿ ಅದರಲ್ಲೇ ವಿಲೀನವಾಯಿತು. ಸೇಲ್ ಕಾಲದಲ್ಲಿ ಕೋಕ್ ಬಳಸುವ ಹೊಸ ಊದುಕುಲುಮೆ ಬಂತು. ಅದರೊಂದಿಗೆ ಇಂಧನಕ್ಕಾಗಿ ಸುತ್ತಲಿನ ನೆಲದ ಮೇಲಿದ್ದ ಅವಲಂಬನೆ ಮುಗಿಯಿತು. ಇಂಧನ ಈಗ ನೂರಾರು ಕಿಲೋಮೀಟರ್ ದೂರದಿಂದ ಬರಬೇಕಾಯಿತು. ಕೆಮ್ಮಣ್ಣುಗುಂಡಿಯ ಗಣಿ ಕಾಲಕ್ರಮೇಣ ನಿಂತಾಗ ಅದಿರಿಗೂ ಅದೇ ಗತಿ.

ಮುಚ್ಚಬೇಕೆನ್ನುವವರ ಲೆಕ್ಕ, ಬೇಡವೆನ್ನುವವರ ಲೆಕ್ಕ

ಸೇಲ್‌ನ ವಾದ ಇಲ್ಲಿಂದ ಹುಟ್ಟುತ್ತದೆ. ಸಂಸ್ಥೆ ವರ್ಷಕ್ಕೆ 190 ಲಕ್ಷ ಟನ್ನಿನಷ್ಟು ಉಕ್ಕು ತಯಾರಿಸುತ್ತದೆ. ಭದ್ರಾವತಿಯ ಸಾಮರ್ಥ್ಯ ಪೂರ್ತಿ ಬಳಕೆಯಾದರೂ ಸುಮಾರು ಒಂದು ಲಕ್ಷ ಟನ್. ಒಂದು ಟನ್ ಕಬ್ಬಿಣಕ್ಕೆ ಒಂದೂವರೆ ಟನ್ನಿಗಿಂತ ಹೆಚ್ಚು ಅದಿರು, ಅರ್ಧ ಟನ್ನಿನಷ್ಟು ಕೋಕ್ ಬೇಕು. ಅದಿರು ಸಂಡೂರಿನಿಂದ ಬಳ್ಳಾರಿ, ಚಿಕ್ಕಜಾಜೂರು, ಬೀರೂರು ಸುತ್ತಿ ಬರಬೇಕು. ಕೋಕ್ ಅಥವಾ ಅದರ ಕಲ್ಲಿದ್ದಲು ಮಂಗಳೂರಿನಲ್ಲಿ ಇಳಿದರೆ ಸಕಲೇಶಪುರದ ಘಾಟಿ ಹತ್ತಿ ಹಾಸನ, ಅರಸೀಕೆರೆ ಮೂಲಕ ಬರಬೇಕು. ಇದೇ ರಾಜ್ಯದ ತೋರಣಗಲ್ಲಿನಲ್ಲಿ ಅದಿರಿನ ಮಗ್ಗುಲಲ್ಲೇ ಕೂತಿರುವ ಖಾಸಗಿ ಕಾರ್ಖಾನೆ ವರ್ಷಕ್ಕೆ ಕೋಟಿ ಟನ್ನಿಗೂ ಮೀರಿ ಉಕ್ಕು ತೆಗೆಯುತ್ತದೆ. ಬೆಲೆಯಲ್ಲಿ ಅದರೊಂದಿಗೆ ಸ್ಪರ್ಧಿಸುವುದು ಭದ್ರಾವತಿಗೆ ಸಾಧ್ಯವಿಲ್ಲ ಎಂಬುದು ಲೆಕ್ಕದ ಮಾತು, ದ್ವೇಷದ ಮಾತಲ್ಲ.

ಕಾರ್ಮಿಕರ ಮತ್ತು ಊರಿನವರ ವಾದ ಬೇರೆಡೆಯಿಂದ ಹೊರಡುತ್ತದೆ. ಗಣಿಯಿಲ್ಲದೆ ಸೊರಗಿಸಿ ಆಮೇಲೆ ಸೊರಗಿದೆ ಎಂದು ಮುಚ್ಚುವುದು ನ್ಯಾಯವಲ್ಲ ಎನ್ನುತ್ತಾರೆ ಅವರು. ಸಂಡೂರು ತಾಲ್ಲೂಕಿನ ರಾಮನದುರ್ಗದಲ್ಲಿ ಗಣಿ ಕೊಡುವ ಮಾತು ವರ್ಷಗಟ್ಟಲೆ ನಡೆಯಿತು, ಅದಿರು ಮಾತ್ರ ಬರಲಿಲ್ಲ. ಇದರಲ್ಲಿ ರಾಜ್ಯ, ಕೇಂದ್ರ, ಸೇಲ್ ಮೂವರೂ ಪರಸ್ಪರ ಬೆರಳು ತೋರಿಸಬಲ್ಲರು, ತೋರಿಸಿದ್ದಾರೆ ಕೂಡ. ಜೊತೆಗೆ, ಭದ್ರಾವತಿಯ ಸರಕು ಸಾಮಾನ್ಯ ಕಂಬಿಯಲ್ಲ. ರೈಲ್ವೆ, ರಕ್ಷಣಾ ಕಾರ್ಖಾನೆ, ವಾಹನ ತಯಾರಕರು ಕೇಳುವ ವಿಶೇಷ ಉಕ್ಕು. ಅದನ್ನು ಟನ್ನಿನ ಲೆಕ್ಕದಲ್ಲಿ ತೂಗುವುದು ಚಿನ್ನದಂಗಡಿಯನ್ನು ಸೌದೆ ಡಿಪೋದ ತಕ್ಕಡಿಯಲ್ಲಿ ತೂಗಿದಂತೆ ಎಂಬ ಅವರ ಮಾತಿನಲ್ಲಿ ಹುರುಳಿದೆ.

2025ರ ಜನವರಿಯಲ್ಲಿ ಈ ವಾದಕ್ಕೆ ಹೊಸ ಬಲ ಬಂತು. ನಾಲ್ಕು ವರ್ಷ ಹಿಂದೆ ಖಾಸಗೀಕರಣದ ಪಟ್ಟಿಗೆ ಸೇರಿದ್ದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಕೇಂದ್ರ ಸಂಪುಟ 11,440 ಕೋಟಿ ರೂಪಾಯಿಯ ನೆರವು ಮಂಜೂರು ಮಾಡಿತು. ಅದಕ್ಕೂ ಸ್ವಂತ ಗಣಿಯಿಲ್ಲ. ಅಲ್ಲಿ ಅಡ್ಡಿಯಾಗದ ಗಣಿ ಇಲ್ಲಿ ಏಕೆ ಅಡ್ಡಿ ಎಂದು ಭದ್ರಾವತಿ ಕೇಳುವುದು ಸಹಜ. ಆದರೆ ಹೋಲಿಕೆ ಒಂದು ಕಡೆ ನಿಲ್ಲುತ್ತದೆ: ವಿಶಾಖಪಟ್ಟಣದ್ದು ವರ್ಷಕ್ಕೆ 73 ಲಕ್ಷ ಟನ್ನಿನ, ಬಂದರಿನ ಪಕ್ಕದ ಕಾರ್ಖಾನೆ. ಹಣ ಕೊಟ್ಟರೆ ತಿರುಗಲು ಬೇಕಾದದ್ದೆಲ್ಲ ಅಲ್ಲಿ ನಿಂತಿದೆ. ಭದ್ರಾವತಿಯಲ್ಲಿ ಹಣ ಕೊಟ್ಟ ಮೇಲೂ, ಯಾವುದರಿಂದ ಏನನ್ನು ಕರಗಿಸುವುದು ಎಂಬ ಪ್ರಶ್ನೆ ಹಾಗೆಯೇ ಇರುತ್ತದೆ.

ಪುನಶ್ಚೇತನಕ್ಕೆ ಮೂರು ಅರ್ಥ

ಊದುಕುಲುಮೆಯನ್ನು ಮತ್ತೆ ಹೊತ್ತಿಸುವುದು ಒಂದು ಅರ್ಥ. ಇದಕ್ಕೆ ಗಣಿ ಬೇಕು, ಕೋಕ್ ಬೇಕು, ಬೀರೂರಿನಿಂದ ಒಂಟಿ ಹಳಿಯ ಮೇಲೆ ಎರಡನ್ನೂ ನಿತ್ಯ ಸಾಗಿಸಬೇಕು. ಭರವಸೆಗಳಲ್ಲಿ ಹೆಚ್ಚು ಕೇಳಿಬರುವುದು ಇದೇ. ಎಲ್ಲಕ್ಕಿಂತ ದುಬಾರಿಯೂ ಇದೇ.

ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ವಿಶೇಷ ಉಕ್ಕು ಮಾಡುವುದು ಇನ್ನೊಂದು. ಅದಿರೂ ಬೇಡ, ಕೋಕೂ ಬೇಡ. ಬೇಕಾದದ್ದು ಗುಜರಿ, ನಿಲ್ಲದ ವಿದ್ಯುತ್, ಕುಶಲ ಕೈಗಳು. 1952ರ ಜಾಡು ಇದು. ಕುಲುಮೆ ಚಿಕ್ಕದಾಗಿರುವುದು ಇಲ್ಲಿ ದೋಷವಲ್ಲ, ಏಕೆಂದರೆ ವಿಶೇಷ ಉಕ್ಕಿನ ಬೇಡಿಕೆ ಬರುವುದೇ ಸಣ್ಣ ಸಣ್ಣ ಕಂತುಗಳಲ್ಲಿ. ಆದರೆ ಈ ದಾರಿ ಹಿಡಿದರೆ ಹಿಂದೆ ಇದ್ದ ಹತ್ತು ಸಾವಿರಕ್ಕೂ ಹೆಚ್ಚು ನೌಕರಿಗಳು ಮರಳುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ಯಾವ ಪಕ್ಷದ ನಾಯಕರೂ ತಯಾರಿಲ್ಲದಿರುವುದೇ ಈ ಆಯ್ಕೆ ಚರ್ಚೆಯಲ್ಲಿ ಮೇಲೇಳದಿರಲು ಕಾರಣವೆಂದು ತೋರುತ್ತದೆ.

ಈಗಿರುವಂತೆ ತೊಲೆ ತರಿಸಿ ಉರುಳಿಸುತ್ತ ಹೋಗುವುದು ಮೂರನೆಯದು. ತೀರ್ಮಾನ ಮುಂದೂಡಿದಷ್ಟು ದಿನವೂ ಇದೇ ನಡೆಯುತ್ತದೆ. ಯಂತ್ರಗಳು ಸವೆಯುತ್ತವೆ, ಬಲ್ಲವರು ನಿವೃತ್ತರಾಗುತ್ತಾರೆ, ಮುಂದೊಂದು ದಿನ ಮುಚ್ಚುವುದಕ್ಕೆ ಯಾವ ಆದೇಶವೂ ಬೇಕಾಗುವುದಿಲ್ಲ. ಹಾಗೆ ಮುಚ್ಚಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಅದೇ ಊರಿನ ಕಾಗದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. 2001ರಲ್ಲಿ ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಜನ ದಿನವೂ ಬೆಂಗಳೂರಿಗೆ ರೈಲು ಹತ್ತುವಂತಾಯಿತು. ಭದ್ರಾವತಿಯಿಂದ ಬೆಂಗಳೂರು ದಿನಾ ಹೋಗಿ ಬರುವಷ್ಟು ಹತ್ತಿರದಲ್ಲಿಲ್ಲ.

ಕಾನೂನಿನ ಕಣ್ಣಿಗೆ ಬೀಳದ ಪರಂಪರೆ

ಈ ಜಗಳದಲ್ಲಿ ಯಾರೂ ಕಕ್ಷಿದಾರರಾಗದ ಒಂದು ಸಂಗತಿ ಉಳಿದಿದೆ: ಮರ ಬೇಯಿಸಿ ಕಬ್ಬಿಣ ತೆಗೆದ ಕಾಲದ ಕಟ್ಟಡಗಳು, ಕಿರುಹಳಿಯ ಜಾಡು, ರೋಪ್‌ವೇಯ ಅವಶೇಷ, ನಕ್ಷೆ ಮತ್ತು ದಾಖಲೆಗಳು. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಿರ್ಮಾಣಗಳನ್ನು ಮಾತ್ರ ಪರಿಗಣಿಸುತ್ತದೆ. 1923ರ ಜನವರಿಯಲ್ಲಿ ಕಬ್ಬಿಣ ಕೊಟ್ಟ ಕಾರ್ಖಾನೆ ಆ ಗೆರೆಯನ್ನು ದಾಟಿದ್ದು 2023ರ ಜನವರಿಯಲ್ಲಿ, ಅಂದರೆ ಮುಚ್ಚುವ ತೀರ್ಮಾನ ಹೊರಬಿದ್ದ ತಿಂಗಳಿನಲ್ಲೇ. ಕಾನೂನಿನ ಮೊದಲ ಬಾಗಿಲು ತೆರೆದ ಹೊತ್ತಿಗೆ ಸರಿಯಾಗಿ ಗುಜರಿಯ ಬಾಗಿಲೂ ತೆರೆಯಿತು.

ದೇವಾಲಯ ಅಥವಾ ಕೋಟೆಯನ್ನು ಒಡೆದರೆ ಸಿಗುವುದು ಕಲ್ಲು. ಕಾರ್ಖಾನೆಯನ್ನು ಒಡೆದರೆ ಸಿಗುವುದು ಮಾರಾಟವಾಗುವ ಲೋಹ. ಕೈಗಾರಿಕಾ ಪರಂಪರೆ ಎಲ್ಲೆಡೆ ಬೇಗ ಮಾಯವಾಗುವುದು ಇದರಿಂದಲೇ. ಜರ್ಮನಿಯ ಫೋಲ್ಕ್ಲಿಂಗನ್ ಕಬ್ಬಿಣದ ಕಾರ್ಖಾನೆ 1986ರಲ್ಲಿ ಉತ್ಪಾದನೆ ನಿಲ್ಲಿಸಿತು. ಕೇವಲ ಎಂಟು ವರ್ಷದಲ್ಲಿ, 1994ರಲ್ಲಿ, ಯುನೆಸ್ಕೋ ಪಟ್ಟಿ ಸೇರಿತು. ಒಡೆಯುವ ಮೊದಲೇ ಅಲ್ಲಿನ ಸರ್ಕಾರ ಕೈಯಡ್ಡ ಹಿಡಿದದ್ದರಿಂದ ಅದು ಆಯಿತು. ನಮ್ಮಲ್ಲಿ ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ರೈಲುಗಳು ಆ ಪಟ್ಟಿಯಲ್ಲಿವೆ. ಕಬ್ಬಿಣದ ಒಂದು ಕಾರ್ಖಾನೆಯೂ ಇಲ್ಲ. ಪ್ರಯಾಣಿಕರನ್ನು ಗುಡ್ಡ ಹತ್ತಿಸಿದ ಹಳಿ ಪರಂಪರೆಯಾಗಿದೆ, ಅದಿರನ್ನು ಗುಡ್ಡ ಇಳಿಸಿದ ಹಳಿ ಇನ್ನೂ ಆಗಿಲ್ಲ.

ಕಾರ್ಖಾನೆಯನ್ನು ಉಳಿಸುವ ಹೋರಾಟಗಾರರಿಗೆ ಪರಂಪರೆಯ ಮಾತು ಸ್ವಲ್ಪ ಅಪಶಕುನದಂತೆ ಕೇಳುತ್ತದೆ: ವಸ್ತುಸಂಗ್ರಹಾಲಯ ಮಾಡುವುದೆಂದರೆ ಸತ್ತಿದೆ ಎಂದು ಒಪ್ಪಿಕೊಂಡಂತೆ ಎಂಬ ಅಳುಕು. ಈ ಅಳುಕು ಅರ್ಥವಾಗುವಂಥದ್ದು, ಆದರೆ ಅದರ ಫಲವಾಗಿ ಎರಡೂ ಕೈತಪ್ಪಬಹುದು. ಉರುಳೆಗಳು ತಿರುಗುತ್ತಿರುವಾಗಲೇ ಹಳೆಯ ಭಾಗಗಳ ಪಟ್ಟಿ ಮಾಡುವುದಕ್ಕೆ, ನಕ್ಷೆಗಳನ್ನು ರಾಜ್ಯ ಪತ್ರಾಗಾರಕ್ಕೆ ಸೇರಿಸುವುದಕ್ಕೆ, ತಣಿಗೆಬೈಲಿನ ಕಡೆಯ ಹಳಿಯ ಜಾಡನ್ನು ಅಳೆದಿಡುವುದಕ್ಕೆ ಸಂಪುಟದ ತೀರ್ಮಾನ ಬೇಕಿಲ್ಲ. ಸೇಲ್ ಮತ್ತು ರಾಜ್ಯದ ಪುರಾತತ್ತ್ವ ಇಲಾಖೆಯ ನಡುವೆ ಒಂದು ಪತ್ರವ್ಯವಹಾರ ಸಾಕು. ಭದ್ರಾವತಿಯ ಬಗ್ಗೆ ಮುಂದೆ ಬರುವ ಪ್ರಕಟಣೆಯಲ್ಲಿ ಕೋಟಿಗಳ ಮೊತ್ತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಅದರ ಕೆಳಗೆ, ಕುಲುಮೆಗೆ ಏನು ಹಾಕುತ್ತಾರೆ, ಅದು ಯಾವ ಹಳಿಯ ಮೇಲೆ ಎಲ್ಲಿಂದ ಬರುತ್ತದೆ ಎಂಬ ಎರಡು ಸಾಲು ಇದೆಯೇ ಎಂದು ನೋಡಿದರೆ ತೆರೆಯುತ್ತಿರುವುದು ಯಾವ ಕಾರ್ಖಾನೆ ಎಂಬುದು ತಿಳಿಯುತ್ತದೆ.